ಸರ್ವಮಂಗಳಮ್ಮನ ಕುರ್ಚಿ ಯಂತ್ರ

ಗಂಡ ತೀರಿಕೊಂಡ ಮೇಲೂ ಕುಣಿಗಲ್‌ನ ಸರ್ವಮಂಗಳಮ್ಮ ಅವನ ವೆಲ್ಡಿಂಗ್ ಅಂಗಡಿ ಮುಚ್ಚಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅವನ ಕಪ್ಪು ಕನ್ನಡಕವನ್ನು ತಾನೇ ಹಾಕಿಕೊಂಡಳು. ಸಾವಿರದ ಒಂಬೈನೂರ ಎಪ್ಪತ್ತೆಂಟರ ಹೊತ್ತಿಗೆ, ಕಾಲಲ್ಲಿ ತುಳಿದರೆ ತೆಂಗಿನಕಾಯಿ ಸುಲಿಯುವ ಆಕೆಯ ಯಂತ್ರಕ್ಕೆ ಗುಬ್ಬಿಯಿಂದಲೂ ಜನ ಬರುತ್ತಿದ್ದರು.

ಆಗ ಬೆಂಗಳೂರಿನ ಕಂಪನಿಯೊಂದರಿಂದ ನೋಟೀಸು ಬಂತು. ತುಳಿಯುವ ಯಂತ್ರಕ್ಕೆ ತಾವು ಎಂದೋ ಪೇಟೆಂಟ್ ಪಡೆದಾಗಿದೆ, ಬೇರೆಯವರು ಮಾಡಕೂಡದು. ತಮಾಷೆಯೆಂದರೆ ಕಂಪನಿ ಅಂಥದ್ದನ್ನು ಒಂದೂ ಮಾಡಿರಲಿಲ್ಲ. ಅದು ಮಾರುತ್ತಿದ್ದುದು ದೊಡ್ಡ ಮೋಟಾರು ಯಂತ್ರ. ಸಣ್ಣದು ಸಿಕ್ಕರೆ ದೊಡ್ಡದನ್ನು ಯಾರು ಕೊಳ್ಳುತ್ತಾರೆ?

“ತಾನೂ ತಿನ್ನ, ಪರರಿಗೂ ಕೊಡ ಅನ್ನೋ ಜಾತಿ ಸ್ವಾಮಿ ಇದು,” ಎಂದಳು ತುಮಕೂರಿನ ವಕೀಲ ಅನಂತರಾಮಯ್ಯನವರ ಮುಂದೆ.

“ಅವರ ಹಕ್ಕು ತುಳಿಯೋದರ ಮೇಲೆ ಮಾತ್ರ. ನೀವು ಕೈಲಿ ಎಳೆಯೋದು ಮಾಡಿ. ಅವರು ಅದಕ್ಕೂ ಅರ್ಜಿ ಹಾಕೋ ಮುಂಚೆ ಊರೆಲ್ಲಾ ನೋಡೋ ಹಾಗೆ ತೋರಿಸ್ಬಿಡಿ. ಎಲ್ಲರೂ ಕಂಡದ್ದಕ್ಕೆ ಆಮೇಲೆ ಯಾರಿಗೂ ಪೇಟೆಂಟ್ ಸಿಗಲ್ಲ. ನಿಮಗೂ ಸಿಗಲ್ಲ.”

“ನಂಗ್ಯಾಕೆ ಬುಡಿ ಅದು.”

ಕೈಯಂತ್ರ ಹದಕ್ಕೆ ಬರುವ ಮುಂಚೆಯೇ ಕಂಪನಿಯ ಏಜೆಂಟ್ ವೆಂಕಟೇಶಯ್ಯ ಅಂಗಡಿಗೆ ಬಂದು ಇಣುಕತೊಡಗಿದ. ಆಕೆ ಅದನ್ನು ಗೋಣಿಚೀಲದಡಿ ತಳ್ಳಿ, ಮುರುಕು ಕುರ್ಚಿಯೊಂದಕ್ಕೆ ಕಬ್ಬಿಣದ ಹಲ್ಲು ಬೆಸೆದು ಬಾಗಿಲಲ್ಲೇ ಇಟ್ಟಳು.

“ಇದೇನಮ್ಮ?” ಎಂದ ವೆಂಕಟೇಶಯ್ಯ.

“ಯಾರ್ಗೂ ಹೇಳ್ಬೇಡಿ ಸ್ವಾಮಿ. ಸುಮ್ನೆ ಕೂತ್ರೆ ಸಾಕು, ಮೈಭಾರಕ್ಕೇ ಕಾಯಿ ಸುಲ್ಕೊಳ್ತದೆ.”

“ನಾನೊಂದ್ಸಲ ಕೂತು ನೋಡ್ಲಾ?”

“ಹಲ್ಲಿನ್ನೂ ಮಸೆದಿಲ್ಲ. ಮಸೆದ್ಮೇಲೆ ನೀವೇ ಮೊದ್ಲು ಕೂರೀರಂತೆ.”

ವೆಂಕಟೇಶಯ್ಯ ಕಾಫಿ ಅರ್ಧಕ್ಕೇ ಬಿಟ್ಟು ಬೆಂಗಳೂರು ಬಸ್ಸು ಹತ್ತಿದ. ಕಂಪನಿಯವರು ಕೂರುವ ಯಂತ್ರ, ಒರಗುವ ಯಂತ್ರ, ಕೂತು ಒರಗುವ ಯಂತ್ರ ಎಂದು ನಕ್ಷೆ ಬರೆದು ಅರ್ಜಿ ಮೇಲೆ ಅರ್ಜಿ ಹಾಕಿದರು. ಅವರು ಆ ಗಡಿಬಿಡಿಯಲ್ಲಿದ್ದಾಗ ಸರ್ವಮಂಗಳಮ್ಮ ಕೈಯಂತ್ರವನ್ನು ಗುಬ್ಬಿ ಸಂತೆಗೆ ಒಯ್ದು, ಬಂದವರ ಕೈಯಲ್ಲೆಲ್ಲ ಎಳೆಸಿದಳು. ವಕೀಲರು ಕರೆತಂದ ಪತ್ರಿಕೆಯವನು ಫೋಟೋ ಹೊಡೆದ. ತುಮಕೂರಿನ ಪೇಪರಿನಲ್ಲಿ ಅದು ಅಚ್ಚಾದ ಮೇಲೆ ಕೈಯಂತ್ರಕ್ಕೆ ಅರ್ಜಿ ಹಾಕುವ ದಾರಿ ಕಂಪನಿಗೆ ಮುಚ್ಚಿತು.

ಆದರೆ ಕೆಲವೇ ಸಂತೆ ಕಳೆಯುವಷ್ಟರಲ್ಲಿ ನಿಟ್ಟೂರಿನ ಕಮ್ಮಾರ ರಾಮಾಂಜಿನಯ್ಯ ಅಂಥದ್ದೇ ಯಂತ್ರ ತಂದು ಪಕ್ಕದಲ್ಲೇ ಕೂತ. ಅವನದರ ಹಿಡಿ ಉದ್ದ, ಎಳೆಯಲು ಹಗುರ. ಹೆಂಗಸರೆಲ್ಲ ಅತ್ತ ನಡೆದರು. ಸರ್ವಮಂಗಳಮ್ಮ ಎದ್ದು ಅವನ ಮುಂದೆ ಹೋಗಿ ನಿಂತಳು.

“ನಂದನ್ನೇ ಕದ್ಯಲ್ಲೋ.”

“ಊರ್ಗೆಲ್ಲಾ ತೋರ್ಸಿದ್ದು ನೀನೇ ಅಲ್ವೇನಕ್ಕ?”

ಆಕೆ ಬಗ್ಗಿ ಅವನ ಹಿಡಿಯನ್ನು ಗೇಣು ಹಾಕಿ ಅಳೆದಳು. ಮುಂದಿನ ಸಂತೆಗೆ ತಂದ ಆಕೆಯ ಯಂತ್ರದ ಹಿಡಿ ಅವನದಕ್ಕಿಂತ ಒಂದು ಗೇಣು ಉದ್ದವಿತ್ತು.