ಎಡಕ್ಕೆ ಹೊಸೆದ ಹುರಿ

ಮೊನ್ನೆ ದೇವನಹಳ್ಳಿಯಲ್ಲಿ, ಹೆಂಗಸರ ಸಂಘದ ಮಳಿಗೆಯಲ್ಲಿ ಕತ್ತಾಳೆ ನಾರಿನ ಚೀಲವೊಂದನ್ನು ಕೊಂಡೆ. ಮನೆಗೆ ಬಂದು ನೋಡಿದರೆ ಅದರ ಹಿಡಿಯ ಹುರಿ ಎಡಕ್ಕೆ ಹೊಸೆದದ್ದು.

ಸೂಲಿಬೆಲೆ ಹತ್ತಿರದ ಅಜ್ಜಿಯ ಮನೆಯಲ್ಲಿ ಹೆಂಗಸರು ಜಗಲಿಯ ಮೇಲೆ ಕೂತು, ಸೀರೆಯನ್ನು ಮಂಡಿಯವರೆಗೆ ಸರಿಸಿ, ಬರಿಯ ಕಾಲಿನ ಮೇಲೆ ನಾರು ಹೊಸೆದು ಚೀಲ ಹೆಣೆಯುತ್ತಿದ್ದರು. ಕೊಳೆಸಿದ ಕತ್ತಾಳೆಯ ನಾತ ರಜೆಗೆ ಹೋದ ನನ್ನ ಫ್ರಾಕಿಗೂ ಹತ್ತುತ್ತಿತ್ತು. ಅಪ್ಪನ ತಂಗಿ ನಂಜತ್ತೆ ಎಡಚಿ. ಎಲ್ಲರ ಹುರಿ ಬಲಕ್ಕೆ ಸುತ್ತಿಕೊಂಡರೆ ಅವಳದು ಎಡಕ್ಕೆ.

“ನಿನ್ ಹುರಿಗೆ ಇನ್ಯಾರ್ ಕೈಯೂ ಒಗ್ಗಲ್ಲ ಕಣೇ,” ಎಂದು ಅಜ್ಜಿ ಬೈಯುತ್ತಿದ್ದಳು.

“ಒಗ್ಗೋದ್ ಬ್ಯಾಡ ಬಿಡವ್ವ. ನನ್ ಚೀಲ ನಾನೇ ಮುಗಿಸ್ತೀನಿ,” ಎಂದು ಅತ್ತೆ ನಗುತ್ತಿದ್ದಳು.

ಒಂದು ಬೆಳಿಗ್ಗೆ ಅರ್ಧ ಹೆಣೆದ ಚೀಲ ಬಿಟ್ಟು ಅತ್ತೆ ಮನೆಯಿಂದ ಹೋದಳು. ಯಾಕೆ, ಎಲ್ಲಿಗೆ ಎಂದು ಮಕ್ಕಳಿಗೆ ಯಾರೂ ಹೇಳಲಿಲ್ಲ. ಅವಳು ಮರಳಲೂ ಇಲ್ಲ. ಆ ಚೀಲ ಮುಗಿಸಲು ಅಜ್ಜಿ ಕೂತಳು. ತನ್ನ ನಾರು ಸೇರಿಸಿ ಹೊಸೆದಷ್ಟೂ ಅತ್ತೆಯ ಹುರಿ ಬಿಚ್ಚಿಕೊಳ್ಳುತ್ತಿತ್ತು.

“ಮುಗ್ಸೋಕ್ ಬಿಡ್ತಿಲ್ಲ ನೋಡು ಅವ್ಳು,” ಎಂದು ಅಜ್ಜಿ ಚೀಲವನ್ನು ಅಟ್ಟಕ್ಕೆ ಹಾಕಿದಳು.

ಇವತ್ತು ಮತ್ತೆ ಮಳಿಗೆಗೆ ಹೋಗಿ ಕೇಳಿದೆ. “ಸುತ್ತಮುತ್ತ ಹಳ್ಳಿಗಳಿಂದ ಬರ್ತವೆ ಮೇಡಂ, ಯಾರ್ ಮಾಡಿದ್ದು ಅಂತ ಹೆಂಗ್ ಹೇಳ್ಲಿ?” ಎಂದಳು ಅಲ್ಲಿದ್ದ ಹುಡುಗಿ.

ಎಡಚರು ಎಷ್ಟೋ ಜನ ಇರುತ್ತಾರೆ, ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಮನೆಗೆ ಬಂದು ಹಿಡಿಯ ಸಡಿಲ ತುದಿಯನ್ನು ಕಾಲಿನ ಮೇಲಿಟ್ಟು ಬಲಗೈಯಲ್ಲಿ ಹೊಸೆದು ನೋಡಿದೆ. ಬಿಚ್ಚಿಕೊಂಡಿತು. ಚೀಲ ಮಾತ್ರ ಬಾಯಿಯವರೆಗೂ ಅದೇ ಎಡ ಹುರಿಯಲ್ಲಿ ಪೂರ್ತಿ ಹೆಣೆದದ್ದು. ಯಾರೋ ತಾವೇ ಕೂತು ಮುಗಿಸಿದ್ದಾರೆ.