ಅಪ್ಪನ ಹೊಟ್ಟೆ ಇಳಿದ ವರ್ಷ

ನನ್ನ ಅಪ್ಪ ಹುಕ್ಕೇರಿಯಲ್ಲಿ ಬೆಲ್ಲದ ವ್ಯಾಪಾರಿ. ಅಂಗಡಿಯ ಗಾದಿಯ ಮೇಲೆ ಕೂತರೆ ಅವರ ಹೊಟ್ಟೆ ತೊಡೆಯ ಮೇಲೆ ಬಂದು ಕೂಡುತ್ತಿತ್ತು. ಊರಿನ ಕಣ್ಣಿಗೆ ಅದೇ ಐಶ್ವರ್ಯ. ಊಟವಾದ ಮೇಲೆ ಎದೆ ಉರಿದು, ಮಲಗಲಾರದೆ ಗೋಡೆಗೆ ಒರಗಿ ನರಳುತ್ತಿದ್ದದ್ದು ಮನೆಯವರಿಗೆ ಮಾತ್ರ ಗೊತ್ತು.

ಕೊರಿಯಾ ಯುದ್ಧದಲ್ಲಿ ಗಾಯಾಳುಗಳ ಆರೈಕೆಗೆ ಹೋಗಿದ್ದ ನಮ್ಮ ದಂಡಿನ ತುಕಡಿಗೆ ಅಡಿಗೆ ಮಾಡುತ್ತಿದ್ದವನು ಅವ್ವನ ತಮ್ಮ, ನನ್ನ ಮಾಮಾ. ಅಲ್ಲಿ ಅವನ ಹೊಟ್ಟೆ ಕೆಟ್ಟಾಗ ಹಳ್ಳಿಯ ಮುದುಕ ವೈದ್ಯನೊಬ್ಬ ಎರಡೂ ಕೈಯ ನಾಡಿ ಹಿಡಿದು, ಹೊಟ್ಟೆ ಒತ್ತಿ ನೋಡಿ ಗುಣಪಡಿಸಿದ್ದನಂತೆ. ಮಾಮಾ ಊರಿಗೆ ತಂದದ್ದು ಆ ವಿದ್ಯೆಯನ್ನೇ, ಅದೂ ಅರ್ಧ. ರಜೆಯ ಮೇಲೆ ಬಂದವನು ಅಪ್ಪನನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ ಹೊಕ್ಕುಳ ಸುತ್ತ ಬೆರಳಿಂದ ಒತ್ತಿದ.

“ಒಳಗ ಥಂಡಿ ಕುಂತೈತ್ರಿ ಭಾವಾರ. ಮಸರು ಬಿಡ್ರಿ, ಎಣ್ಣಿ ಬಿಡ್ರಿ. ಸಂಜಿಮುಂದ ಬಿಸಿ ಅಕ್ಕಿ ಗಂಜಿ, ಶುಂಠಿ ನೀರು. ಅಷ್ಟ.”

“ಗಂಜಿನ? ಬ್ಯಾನಿ ಬಂದವ್ರು ಕುಡಿಯೂದಲೇ ಅದು!”

“ನಿಮಗ ಬಂದಿದ್ದು ಬ್ಯಾನಿ ಅಲ್ಲೇನ್ರಿ ಮತ್ತ?”

ನಮ್ಮೂರ ವೈದ್ಯರು ಇದನ್ನೇ ಹೇಳಿದಾಗ ಕಿವಿಗೆ ಹಾಕಿಕೊಳ್ಳದ ಅಪ್ಪ, ಸಮುದ್ರ ದಾಟಿ ಬಂದ ಮಾತೆಂದು ಒಪ್ಪಿದರು.

ಮಳೆಗಾಲ ಮುಗಿಯುವಷ್ಟರಲ್ಲಿ ಎದೆಯುರಿ ನಿಂತಿತು, ನಿದ್ದೆ ಹತ್ತಿತು. ಹೊಟ್ಟೆಯೂ ಇಳಿಯಿತು. ಅಂಗಿ ಗೂಟಕ್ಕೆ ಹಾಕಿದಂತೆ ಜೋಲತೊಡಗಿತು. ಅಪ್ಪ ಹುಡುಗರಂತೆ ಅಟ್ಟ ಹತ್ತಿ ಇಳಿಯುತ್ತಿದ್ದರು. ಕಂಗಾಲಾದದ್ದು ಊರು. ಅಂಗಡಿಗೆ ಬಂದವರು ದನಿ ತಗ್ಗಿಸಿ ಮಾತಾಡತೊಡಗಿದರು. ಕೆಲವರು ಕ್ಷಯ ಎಂದರು, ಉಳಿದವರು ವ್ಯಾಪಾರ ಮುಳುಗಿತು ಎಂದರು.

ಅದೇ ಹೊತ್ತಿಗೆ ಮೂಡಲಗಿಯವರು ನನ್ನನ್ನು ನೋಡಲು ಬಂದರು. ನಾನು ಚಹಾ ಕೊಟ್ಟೆ. ಯಾರೂ ನನ್ನ ಮುಖ ನೋಡಲಿಲ್ಲ. ಎಲ್ಲರ ಕಣ್ಣೂ ಅಪ್ಪನ ಕೊರಳ ಎಲುಬಿನ ಮೇಲೆ. ಹೊರಡುವಾಗ ಗಂಡಿನ ಸೋದರತ್ತೆ ಅವ್ವನನ್ನು ಬಾಜೂಕ್ಕೆ ಕರೆದು, “ಹುಡುಗಿ ಚಲೋ ಅದಾಳ್ರಿ. ಆದ್ರ ಆ ಬ್ಯಾನಿ ನಿಮ್ಮ ಮನಿತನದಾಗ ಮೊದ್ಲಿಂದನೂ ಐತೇನ್ರಿ?” ಎಂದು ಕೇಳಿದರು. ಆ ಸಂಬಂಧ ಅಲ್ಲಿಗೆ ಮುಗಿಯಿತು.

ಮರುದಿನ ಅವ್ವ ಅಪ್ಪನ ತಟ್ಟೆಗೆ ತುಪ್ಪ ಸುರಿದಳು. “ಎದಿ ಉರದ್ರ ಉರೀಲಿ. ಮಗಳು ಮನ್ಯಾಗ ಉಳೀಬಾರ್ದು.”

ಅಪ್ಪ ಹೋಳಿಗೆ, ಮೊಸರು, ಕರಿದ ಮೆಣಸಿನಕಾಯಿ ತಿಂದು ಕಳೆದದ್ದನ್ನೆಲ್ಲ ಮತ್ತೆ ಗಳಿಸಿದರು. ಬಡಿಸುವವಳು ನಾನು. ನನ್ನ ಮದುವೆಗಾಗಿ ಅವರು ನುಂಗುವ ತುತ್ತುಗಳನ್ನು ನೋಡಲಾರದೆ ತಲೆ ಬಗ್ಗಿಸುತ್ತಿದ್ದೆ. ಮುಂದಿನ ವರ್ಷ ಗೋಕಾಕದಿಂದ ಬಂದವರು ಗಾದಿಯ ಮೇಲಿನ ಹೊಟ್ಟೆ ಕಂಡು ಅಲ್ಲೇ ಒಪ್ಪಿಕೊಂಡರು.

ಮದುವೆಯಾದ ಮೇಲೆ ಅವ್ವ ಗಂಜಿ ಕಾಯಿಸಿ ಅಪ್ಪನ ಮುಂದಿಟ್ಟಳು. ಅವರು ಎದೆ ತಿಕ್ಕಿಕೊಳ್ಳುತ್ತ ಅದನ್ನು ಸರಿಸಿ, “ಇನ್ನ ಸಣ್ಣಾಕಿ ಅದಾಳಲ್ಲ?” ಎಂದರು.

ನನ್ನ ತಂಗಿ ಆಗ ಮೂರನೆಯ ಇಯತ್ತೆ ಓದುತ್ತಿದ್ದಳು.