ಕಳವಳ ವಿಭಾಗದ ಗುಮಾಸ್ತರು
ನಮ್ಮ ಜೈಲುಗಳ ಬಗ್ಗೆ ಹೊರದೇಶದವರು ಬರೆಯುವ ಕಾಗದಗಳಿಗೆ ಉತ್ತರಿಸುವ ಗುಮಾಸ್ತರ ಮೇಜಿನ ಮೇಲೆ ಮೂರು ಟ್ರೇಗಳಿವೆ: ಕಳವಳ, ತೀವ್ರ ಕಳವಳ, ಅತಿ ತೀವ್ರ ಕಳವಳ. ಮೂರಕ್ಕೂ ಉತ್ತರ ಒಂದೇ: ‘ಅಂಥ ಹೆಸರಿನವರು ನಮ್ಮಲ್ಲಿಲ್ಲ, ಅವರು ಆರೋಗ್ಯವಾಗಿದ್ದಾರೆ.’ ಇದರಲ್ಲಿ ತಪ್ಪೇನೆಂದು ಇಪ್ಪತ್ತು ವರ್ಷಗಳಲ್ಲಿ ಯಾವ ಮೇಲಧಿಕಾರಿಗೂ ಹೊಳೆದಿಲ್ಲ. ಕಚೇರಿಯ ಭಾಷೆ ಗುಮಾಸ್ತರ ಬೆನ್ನು ಹತ್ತಿ ಮನೆಗೂ ಬಂದಿದೆ. ಊಟಕ್ಕೆ ಕೂತು ‘ಉಪ್ಪು ಜಾಸ್ತಿ’ ಎಂದರೆ ಹೆಂಡತಿ, ‘ಆರೋಪ ನಿರಾಧಾರ, ಸುಮ್ನೆ ಊಟ ಮಾಡಿ’ ಎನ್ನುತ್ತಾಳೆ. ಸೈಕಲ್ ರಿಪೇರಿ ಮಾಡುತ್ತಿದ್ದ ತಂಗಿಯ ಗಂಡನನ್ನು ಪೊಲೀಸರು ಎತ್ತಿಕೊಂಡು ಹೋಗಿ ಮೂರು ತಿಂಗಳಾಯಿತು; ಹೊರದೇಶದಿಂದ ಕಾಗದ ಬರದೆ ಫೈಲು ತೆರೆಯುವಂತಿಲ್ಲ ಎಂಬುದು ನಿಯಮ. ‘ಅಣ್ಣಾ, ನಮ್ಮೋರ ಬಗ್ಗೆ ಯಾರಿಗೂ ಕಳವಳ ಆಗಿಲ್ವಾ?’ ಎಂದು ತಂಗಿ ದಿನಾ ಕೇಳುತ್ತಾಳೆ. ‘ಪಂಕ್ಚರ್ ಹಾಕೋನ ಹೆಸರು ಅಷ್ಟು ದೂರ ಯಾರಿಗೆ ಗೊತ್ತಿರತ್ತಮ್ಮ?’ ಎನ್ನುತ್ತಾರೆ ಇವರು. ಕೊನೆಗೆ ಒಂದು ಮಧ್ಯಾಹ್ನ, ಸಿಕ್ಕಿಬಿದ್ದರೆ ತಮಗೂ ಜೈಲೇ ಗತಿ ಎಂದು ಗೊತ್ತಿದ್ದೂ, ಆ ಹೊರದೇಶದವರಿಗೆ ತಾವೇ ಕಾಗದ ಬರೆಯಲು ಕುಳಿತರು. ಬಾಯಿಪಾಠವಾಗಿದ್ದ ಕಳವಳಗಳಲ್ಲಿ ಒಂದೂ ಪೆನ್ನಿಗೆ ಇಳಿಯಲಿಲ್ಲ. ತಂಗಿಯ ಗಂಡನ ಹೆಸರು ಬರೆದು, ‘ಇವನ ಹೆಂಡತಿ ಇವತ್ತೂ ಎರಡು ತಟ್ಟೆ ಹಾಕಿದ್ದಾಳೆ’ ಎಂದಷ್ಟೇ ಸೇರಿಸಿ, ಕೆಳಗೆ ತಮ್ಮದೇ ಸಹಿ ಹಾಕಿದರು.